ಬೇಲಿಯಾಚೆಯ ಹಾಡು ಯಾವ ಪಿಕ್ಚರ್‌ದು?

ಒಂದು ಪ್ರಶ್ನೆ ಕೇಳ್ತೀನಿ, ಥಟ್ಟನೆ ಉತ್ತರ ಹೇಳಿ. 7ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಪುಣೆಯ ಮೇಲೆ ಹಾದು ಹೋಗುತ್ತಿತ್ತೋ, ಇಲ್ಲವೋ?

ಇಲ್ಲ! ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ತಿರುವಿ ಹಾಕುತ್ತಿರುವ ನಿಮಗಲ್ಲದೆ ಇನ್ಯಾರಿಗೆ ಇದು ಗೊತ್ತಿರಬೇಕು? ವಾರಾಣಸಿಯಲ್ಲಿ ಹೊರಟು, ನಾಗಪುರ, ಹೈದರಾಬಾದು, ಕರ್ನೂಲು ದಾಟಿ, ನಮ್ಮ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಬೆಂಗಳೂರು ಹಾದು ಕನ್ಯಾಕುಮಾರಿ ಸೇರುತ್ತಿದ್ದ ರಸ್ತೆ ಅದು. ಪುಣೆಗೆ ಹೋಗುವವರು ಹಿಡಿಯುತ್ತಿದ್ದದ್ದು 4ನೇ ನಂಬರು. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ದಾರಿ. ಸರ್ಕಾರದವರು ಆಮೇಲೆ ನಂಬರುಗಳನ್ನೆಲ್ಲ ಬದಲಿಸಿದರು. ನಮ್ಮ ಏಳು ಈಗ 44, ಪುಣೆಯ ನಾಲ್ಕು ಈಗ 48. ಆದರೂ ನಮ್ಮ ಕಡೆ ಕಂಡಕ್ಟರುಗಳ ಬಾಯಲ್ಲಿ ಏಳು ಏಳೇ!

ಹೀಗಿದ್ದೂ 'ಎನ್‌ಎಚ್‌7 ವೀಕೆಂಡರ್' ಎಂಬ ಹೆಸರಿನ ಸಂಗೀತ ಜಾತ್ರೆ ಹುಟ್ಟಿದ್ದು ಪುಣೆಯಲ್ಲಿ, 2010ರ ಡಿಸೆಂಬರಿನಲ್ಲಿ. 2011ರಲ್ಲೂ ಅಲ್ಲೇ. 2012ರಲ್ಲಿ ಪುಣೆಯ ಗಡಿ ದಾಟಿ ದಿಲ್ಲಿಗೂ ಬೆಂಗಳೂರಿಗೂ ಕಾಲಿಟ್ಟಿತು. ದಿಲ್ಲಿಯ ಕಥೆಯನ್ನು ದಿಲ್ಲಿಯವರು ಬರೆದುಕೊಳ್ಳಲಿ, ನಮಗೆ ನಮ್ಮದು ಸಾಕು. ಬೆಂಗಳೂರಿನಲ್ಲಿ ಅದಕ್ಕೆ ಸಿಕ್ಕ ಜಾಗ ಬೆಟ್ಟಹಲಸೂರಿನ ಕುದುರೆ ಸವಾರಿ ಶಾಲೆಯ ಮೈದಾನ. ಅಂದರೆ ಬಳ್ಳಾರಿ ರಸ್ತೆಯ ಪಕ್ಕ. ಅಂದರೆ ಅದೇ ಏಳನೇ ನಂಬರಿನ ರಸ್ತೆಯ ಪಕ್ಕ! ಹೆಸರು ಹೊತ್ತುಕೊಂಡು ಎರಡು ವರ್ಷ ಪರವೂರಿನಲ್ಲಿದ್ದ ಮಗು ಕೊನೆಗೂ ತನ್ನ ಬೀದಿಗೆ ಬಂದಿತ್ತು ಎನ್ನಿ.

ಈ ಜಾತ್ರೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಆರ್ಕೆಸ್ಟ್ರಾದ ಹಾಗೆ ಒಂದು ವೇದಿಕೆ, ಎದುರಿಗೆ ಕುರ್ಚಿ, ಮುಂದಿನ ಸಾಲಿನಲ್ಲಿ ಊರ ಗಣ್ಯರು... ಅದೆಲ್ಲ ಇಲ್ಲ. ದೊಡ್ಡ ಬಯಲು. ಒಂದೇ ಹೊತ್ತಿಗೆ ಹಲವು ವೇದಿಕೆಗಳಲ್ಲಿ ಹಲವು ತಂಡಗಳು. ಇಲ್ಲಿ ಗಿಟಾರ್ ಕಿರುಚುತ್ತಿದ್ದರೆ ಅಲ್ಲಿ ತಬಲಾ, ಇನ್ನೊಂದು ಕಡೆ ಬರೀ ಮಿಷಿನ್ ಸಂಗೀತ. ಬೇಕಾದ ಕಡೆ ನಡೆದು ಹೋಗಿ ನಿಂತು ಕೇಳಬೇಕು. ಅಧ್ಯಕ್ಷರ ಭಾಷಣ ಇಲ್ಲ, ಅದೊಂದು ದೊಡ್ಡ ಪುಣ್ಯ. ಆದರೆ ಟಿಕೆಟ್ಟಿನ ದುಡ್ಡಿನಲ್ಲಿ ನಮ್ಮೂರಿನ ಥಿಯೇಟರಿನ ಬಾಲ್ಕನಿಯಲ್ಲಿ ಹತ್ತಾರು ಸಲ ಕೂತು ಬರಬಹುದಿತ್ತು.

ಪುಣೆಯ ಹೆಸರು ಕೇಳಿದ ತಕ್ಷಣ 'ಓಹೋ, ಪರವೂರಿನ ಸರಕು' ಅಂತ ಮೂಗು ಮುರಿಯಬೇಡಿ ಮಿತ್ರರೆ. ಬಯಲು ಸಂಗೀತದ ಲೆಕ್ಕದಲ್ಲಿ ಪುಣೆಗೂ ನಮಗೂ ಹಳೇ ಕೊಡು-ಕೊಳ್ಳುವಿಕೆ ಇದೆ. ಪುಣೆಯಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ಪೆಂಡಾಲು ಹಾಕಿ ನಡೆಸುವ ಸವಾಯಿ ಗಂಧರ್ವ ಉತ್ಸವ ಇದೆಯಲ್ಲ, ಸಾವಿರಾರು ಜನ ನೆಲದ ಮೇಲೆ ಕೂತು ಶಾಸ್ತ್ರೀಯ ಸಂಗೀತ ಕೇಳುವ ಉತ್ಸವ, ಅದನ್ನು 1953ರಲ್ಲಿ ಶುರು ಮಾಡಿದವರು ಯಾರು? ನಮ್ಮ ಗದಗಿನ ಭೀಮಸೇನ ಜೋಶಿ! ಯಾರ ನೆನಪಿಗೆ? 1952ರಲ್ಲಿ ತೀರಿಕೊಂಡ ತಮ್ಮ ಗುರುಗಳಾದ ಕುಂದಗೋಳದ ರಾಮಭಾವು ಅವರ ನೆನಪಿಗೆ. ಸವಾಯಿ ಗಂಧರ್ವ ಅಂದರೆ ಅವರೇ. ಕುಂದಗೋಳದ ಹುಡುಗನೊಬ್ಬ ಮರಾಠಿ ರಂಗಭೂಮಿಯಲ್ಲಿ ಬಿರುದು ಪಡೆದ. ಗದಗಿನ ಹುಡುಗನೊಬ್ಬ ಅವರ ಹೆಸರಿನಲ್ಲಿ ಪುಣೆಗೆ ಒಂದು ಉತ್ಸವವನ್ನೇ ಕೊಟ್ಟ. ಸಿನಿಮಾ ಪ್ರಿಯರಿಗೆ ಭೀಮಸೇನರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಣ್ಣಾವ್ರ 1966ರ 'ಸಂಧ್ಯಾರಾಗ' ನೋಡಿದವರು ಆ ಕಂಠವನ್ನು ಮರೆತಾರೆಯೇ?

ಆದ್ದರಿಂದ 2012ರಲ್ಲಿ ಪುಣೆಯಿಂದ ನಮ್ಮ ಕಡೆಗೆ ಒಂದು ಜಾತ್ರೆ ಬಂತು ಅಂದರೆ ಅದು ಸಾಲ ತೀರಿಸಿದ ಹಾಗೆ ಅಂತಲೇ ನಾನು ಹೇಳುವುದು!

ಇನ್ನು ಬೆಂಗಳೂರಿಗೆ ಬಯಲಿನಲ್ಲಿ ನಿಂತು ಹಾಡು ಕೇಳುವುದು ಹೊಸತೇನಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹಾಡಿ ಹೋದರು. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನವನ್ನು ನಡುಗಿಸಿದರು. ಅದೆಲ್ಲ ಇಂಗ್ಲಿಷ್ ಮಂದಿ ಬಿಡಿ ಅಂತೀರಾ? ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಅಂತ ಎದ್ದು ನಿಂತರು. ಜನಸಾಗರ! ಹಾಡಿದ್ದು ಹೆಚ್ಚಾಗಿ ಭಾವಗೀತೆ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಫೈಟಿಂಗ್ ಇಲ್ಲ. ಬರೀ ಕವಿಗಳ ಸಾಲು, ಆ ಕಂಚಿನ ಕಂಠ. ಸಿನಿಮಾದ ಹಾಡಿಲ್ಲದೆಯೂ ಕನ್ನಡಿಗರು ಬಯಲು ತುಂಬುತ್ತಾರೆ ಅಂತ ಆವತ್ತೇ ಸಾಬೀತಾಗಿತ್ತು. ನನಗಾಗ ಎಂಟೊಂಬತ್ತು ವರ್ಷ. ಟೀವಿಯಲ್ಲಿ ನೋಡಿದ್ದಷ್ಟೇ ಭಾಗ್ಯ.

ಸಾಬೀತಾಗಿದ್ದರೂ ಅದು ನಮ್ಮ ಮಾವನವರೆಗೆ ತಲುಪಿರಲಿಲ್ಲ.

ನಮ್ಮ ಮಾವ ಅಂದರೆ ತಾಯಿಯ ತಮ್ಮ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಆರ್ಕೆಸ್ಟ್ರಾದವರು. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಇಬ್ಬರು ಹಾಡುವವರು, ಒಬ್ಬ ನಿರೂಪಕ: ಇಷ್ಟೇ ಸಂಸಾರ. ಮಾವ ಕೀಬೋರ್ಡನ್ನೂ ನುಡಿಸ್ತಾರೆ, ಅಣ್ಣಾವ್ರ ಗಂಟಲಲ್ಲೂ ಹಾಡ್ತಾರೆ, ಬೇಕಾದರೆ ಎಸ್‌ಪಿಬಿ ಥರಾನೂ ಹಾಡ್ತಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಮನೆಗೆ ಬರುವುದು ಬೆಳಗಿನ ಜಾವಕ್ಕೆ. ಮಿಕ್ಕ ತಿಂಗಳು ಮದುವೆ, ಆರತಕ್ಷತೆ, ಕೈ ಖಾಲಿ.

ಅವರ ಹತ್ತಿರ ಒಂದು ನೂರು ಪುಟದ ನೋಟ್ ಬುಕ್ಕು. ಮುಂದಿನಿಂದ ತೆರೆದರೆ ಸಿನಿಮಾ ಹಾಡುಗಳ ಪಟ್ಟಿ, ಪಕ್ಕದಲ್ಲಿ ಶ್ರುತಿ. ಹಿಂದಿನಿಂದ ತೆರೆದರೆ ನಾಲ್ಕು ಹಾಡು, ಅವರೇ ಬರೆದದ್ದು, ಅವರೇ ರಾಗ ಹಾಕಿದ್ದು. ಒಂದು ಮಳೆ ಬಾರದ ವರ್ಷದ ಮೇಲೆ, ಒಂದು ನಂದಿ ಬೆಟ್ಟದ ಮೇಲೆ, ಉಳಿದೆರಡು ನಮ್ಮ ಅತ್ತೆಯನ್ನು ಕುರಿತು ಅಂತ ನನ್ನ ಗುಮಾನಿ! 'ಮಾವ, ಇದನ್ನ ಸ್ಟೇಜ್ ಮೇಲೆ ಹಾಡಿ' ಅಂದರೆ, 'ಲೇ ಅಳಿಯ, ಚೀಟಿ ಬರೋದು ಪಿಕ್ಚರ್ ಹಾಡಿಗೆ ಕಣೋ. ಹತ್ತು ರೂಪಾಯಿ ನೋಟು ಸುತ್ತಿ ಕಳಿಸ್ತಾರೆ. ನನ್ನ ಹಾಡಿಗೆ ಯಾರು ಕಳಿಸ್ತಾರೆ?' ಅನ್ನೋರು.

ಮಾವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಹಾಡು ಅಂದರೆ ಅದಕ್ಕೊಂದು ಚಿತ್ರ ಇರಲೇಬೇಕು. ಶಿಶುನಾಳ ಶರೀಫರ ಪದಗಳು ನಮ್ಮ ಬೀದಿಯ ಮಂದಿಗೆ ಹತ್ತಿರವಾದದ್ದು ಅಶ್ವತ್ಥರ ಕಂಠದಿಂದ ಮತ್ತು 1990ರ ಆ ಚಿತ್ರದಿಂದ. ಆಮೇಲೆ ಮೈಸೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಅದೇ ಶರೀಫರನ್ನು ಗಿಟಾರಿಗೆ ಹಾಕಿ ಸೀಮೆಯಾಚೆ ಒಯ್ದರು. ಅವರ ತಮ್ಮ ವಾಸು ದೀಕ್ಷಿತ್ 'ಸ್ವರಾತ್ಮ' ತಂಡದಲ್ಲಿ ಕನ್ನಡಕ್ಕೂ ಹಿಂದಿಗೂ ಸೇರಿಸಿ ದನಿ ಕೊಟ್ಟರು. ಆದರೆ ನಮ್ಮೂರ ಗಣೇಶನ ಪೆಂಡಾಲಿನಲ್ಲಿ ರಘು ದೀಕ್ಷಿತ್ ಅಂದರೆ ಆಗ 'ಸೈಕೋ' ಪಿಕ್ಚರಿಗೆ ಮ್ಯೂಸಿಕ್ ಮಾಡಿದವರು, ಅಷ್ಟೇ.

2012ರ ಡಿಸೆಂಬರ್. ನಾನು ಫಸ್ಟ್ ಪಿಯುಸಿ. (ಆ ವಿದ್ಯೆ ಅರ್ಧಕ್ಕೇ ನಿಂತಿತು, ಅದರ ಕಥೆ ಇಲ್ಲಿ ಬೇಡ.) ಮಾವನಿಗೆ ಬೆಂಗಳೂರಿನಲ್ಲಿ ಕೀಬೋರ್ಡ್ ರಿಪೇರಿ ಮಾಡಿಸುವ ಕೆಲಸ, ಹೊರೋದಕ್ಕೆ ನಾನು. ಸಂಜೆ ಮೆಜೆಸ್ಟಿಕ್‌ನಲ್ಲಿ ನಮ್ಮೂರ ಬಸ್ಸು ಹತ್ತಿದೆವು. ಹೆಬ್ಬಾಳ ದಾಟಿದರೆ ಮೇಲ್ಸೇತುವೆ ಕೆಲಸದ ಧೂಳು, ಬಸ್ಸು ಆಮೆ. ಪಕ್ಕದಲ್ಲಿ ಕಾರುಗಳಲ್ಲಿ ಬಣ್ಣ ಬಣ್ಣದ ಹುಡುಗ ಹುಡುಗಿಯರು. ಎಲ್ಲಿಗೆ ಅಂತ ಕಂಡಕ್ಟರನ್ನ ಕೇಳಿದರೆ, 'ಕುದುರೆ ಸ್ಕೂಲಲ್ಲಿ ಏನೋ ದೊಡ್ಡ ಆರ್ಕೆಸ್ಟ್ರಾ ಅಂತೆ' ಅಂದ.

ಆರ್ಕೆಸ್ಟ್ರಾ! ಆ ಪದ ಕಿವಿಗೆ ಬಿದ್ದ ಮೇಲೆ ಮಾವ ಸುಮ್ಮನೆ ಕೂರ್ತಾರಾ? ಬೆಟ್ಟಹಲಸೂರು ಕ್ರಾಸಿನಲ್ಲಿ ಇಳಿದೇಬಿಟ್ಟರು. ನಾನು ಕೀಬೋರ್ಡು ಹೊತ್ತು ಹಿಂದೆ.

ಒಳಗೆ ಹೋಗುವ ಮಾತೇ ಇಲ್ಲ, ಟಿಕೆಟ್ಟಿನ ದರ ಕೇಳಿ ಮಾವ ನಕ್ಕುಬಿಟ್ಟರು. ಬೇಲಿಯ ಪಕ್ಕ ಕತ್ತಲಲ್ಲಿ ನಿಂತೆವು. ಕಾವಲಿಗಿದ್ದವನು ಬಾಗೇಪಲ್ಲಿ ಕಡೆಯವನು, ಮಾತಿನ ಧಾಟಿಯಲ್ಲೇ ಗೊತ್ತಾಯಿತು. 'ಇಲ್ಲೇ ನಿಂತ್ಕೊಂಡು ಕೇಳಿ ಅಣ್ಣ, ಗೇಟ್ ಹತ್ರ ಮಾತ್ರ ಬರ್ಬೇಡಿ' ಅಂದ. ಟೆಂಟ್ ಸಿನಿಮಾ ಕಾಲದಲ್ಲಿ ದುಡ್ಡಿಲ್ಲದವರು ಹೊರಗೆ ನಿಂತು ಡೈಲಾಗ್ ಕೇಳಿಯೇ ಇಡೀ ಚಿತ್ರದ ಕಥೆ ಹೇಳುತ್ತಿದ್ದರಂತೆ. ನಮ್ಮದೂ ಅದೇ ಪಾಡು. ಕಂಡದ್ದು ಆಕಾಶಕ್ಕೆ ಹೊಡೆಯುತ್ತಿದ್ದ ಲೈಟಿನ ಕೋಲುಗಳು ಮಾತ್ರ.

ಮಾವ ಮೊದಲು ಕೇಳಿದ್ದು ಹಾಡನ್ನಲ್ಲ, ಸೌಂಡನ್ನು. 'ನೋಡೋ, ಇಷ್ಟು ದೂರದಲ್ಲೂ ಡ್ರಮ್ಮು ಬೇರೆ, ಬೇಸ್ ಬೇರೆ ಕೇಳಿಸ್ತಾ ಇದೆ. ನಮ್ಮದು ಎರಡು ಬಾಕ್ಸಿನ ಮುಂದೆ ನಿಂತರೂ ಎಲ್ಲಾ ಒಂದೇ ಮುದ್ದೆ.' ಒಂದು ವೇದಿಕೆ ನಿಂತರೆ ಗಾಳಿ ಇನ್ನೊಂದು ವೇದಿಕೆಯದ್ದನ್ನು ಹೊತ್ತು ತರುತ್ತಿತ್ತು. ಇಂಗ್ಲಿಷು, ಹಿಂದಿ, ಮತ್ತೆ ಇಂಗ್ಲಿಷು.

ಆಮೇಲೆ ಇದ್ದಕ್ಕಿದ್ದಂತೆ ಕನ್ನಡ!

ಯಾರು ಹಾಡಿದರೋ ಬೇಲಿಯಾಚೆಯಿಂದ ಕಾಣಲಿಲ್ಲ. ಪದಗಳು ಅರ್ಧ ಗಾಳಿಗೆ ಹೋದವು. ಆದರೆ ಪಲ್ಲವಿ ಬಂದಾಗ ಒಳಗಿದ್ದ ಮಂದಿಯೆಲ್ಲ ಒಟ್ಟಿಗೆ ಎತ್ತಿಕೊಂಡರು ನೋಡಿ... ಕಾರಿನಲ್ಲಿ ಇಂಗ್ಲಿಷ್ ಆಡಿಕೊಂಡು ಹೋದ ಅದೇ ಹುಡುಗ ಹುಡುಗಿಯರು! ಮಾವ ನನ್ನ ತೋಳು ಹಿಡಿದುಕೊಂಡರು.

'ಇದು ಯಾವ ಪಿಕ್ಚರ್‌ದೋ?'

'ಪಿಕ್ಚರ್‌ದಲ್ಲ ಅನ್ಸುತ್ತೆ ಮಾವ. ಅವರದೇ ಹಾಡಿರಬೇಕು.'

'ಪಿಕ್ಚರೇ ಇಲ್ದೆ?'

ಕನ್ನಡದ ಸಿನಿಮಾ ಹಾಡುಗಳೆಲ್ಲ ಬಾಯಿಪಾಠ ಇದ್ದ ಮನುಷ್ಯ. ಅವರಿಗೆ ಗೊತ್ತಿಲ್ಲದ ಕನ್ನಡ ಹಾಡೊಂದನ್ನು ಅಷ್ಟು ಜನ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಮಾವ 'ನಡಿ' ಅಂದರು, ಅಷ್ಟೇ. ಚಿಕ್ಕಜಾಲ, ದೇವನಹಳ್ಳಿ ದಾಟಿ ಊರು ಸೇರುವವರೆಗೆ ಒಂದು ಮಾತಿಲ್ಲ. ಮಾವ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಜಾತ್ರೆ ಆಮೇಲೆ ಇನ್ನೂ ಊರು ಸುತ್ತಿತು. 2013ರಲ್ಲಿ ಕೋಲ್ಕತಾ, 2015ರಲ್ಲಿ ಶಿಲ್ಲಾಂಗ್ ಕಡೆ. ಅದೇ 2015ರಲ್ಲಿ ಪುಣೆಯ ವೇದಿಕೆಗೆ ಸಾಕ್ಷಾತ್ ಎ.ಆರ್. ರೆಹಮಾನ್ ಬಂದರು. ಸಿನಿಮಾ ಹಾಡು ಬೇಡ ಅಂದವರ ಅಂಗಳಕ್ಕೆ ಸಿನಿಮಾದ ಚಕ್ರವರ್ತಿಯೇ! ನನ್ನ ಮಟ್ಟಿಗೆ ಹೇಳುವುದಾದರೆ, ಪುಣೆಯಿಂದ ಲಾರಿಯಲ್ಲಿ ಯಾರು ಬೇಕಾದರೂ ಸ್ಪೀಕರ್ ತರಬಹುದು, ಲೈಟ್ ತರಬಹುದು. ಬಂದ ಊರಿನ ಭಾಷೆಗೆ ರಾತ್ರಿ ಎಂಟು ಗಂಟೆಯ ದೊಡ್ಡ ವೇದಿಕೆ ಕೊಟ್ಟರೆ ಆಗ ಆ ಜಾತ್ರೆ ಆ ಊರಿನದು. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಖಾಲಿ ಹುಲ್ಲಿಗೆ ಹಾಡಿಸಿದರೆ ಅಲ್ಲ. ಯಾರೇ ಎಲ್ಲೇ ಮಾಡಲಿ, ಗಡಿಯಾರ ನೋಡಿ, ಗೊತ್ತಾಗುತ್ತದೆ.

ಮಾವನ ವಿಷಯಕ್ಕೆ ಬರೋಣ. 2013ರ ಗಣೇಶನ ಹಬ್ಬದಲ್ಲಿ, ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ, ನೋಟ್ ಬುಕ್ಕನ್ನು ಹಿಂದಿನಿಂದ ತೆರೆದರು. ಮಳೆ ಬಾರದ ವರ್ಷದ ಹಾಡು. ಮೊದಲ ಚರಣ ಮುಗಿಯುವಷ್ಟರಲ್ಲಿ 'ಅಣ್ಣಾ, ಡ್ಯಾನ್ಸ್ ಸಾಂಗ್ ಹಾಕಣ್ಣಾ' ಅಂತ ಕೂಗು. ಶಿಳ್ಳೆ. ರಿದಂ ಪ್ಯಾಡಿನವನೇ ಮಾವನ ಮುಖ ನೋಡಿ ಕೈ ಬಿಟ್ಟ. ಮಾವ ನಕ್ಕು ಡ್ಯಾನ್ಸ್ ಸಾಂಗಿಗೆ ಹೊರಳಿದರು. ಮಾರನೇ ವರ್ಷ ಉಪಾಯ ಬದಲಿಸಿದರು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು ಅಂತ 2000ನೇ ಇಸವಿಯ ನಿಯಮ ಇದೆಯಲ್ಲ? ಹತ್ತಕ್ಕೆ ಐದು ನಿಮಿಷ ಇದ್ದಾಗ, ಕಮಿಟಿಯವರು ಪೊಲೀಸರ ಜೀಪು ಬಂತಾ ಅಂತ ರಸ್ತೆ ನೋಡುತ್ತಿರುವಾಗ, ಮಾವ ತಮ್ಮ ಹಾಡು ಎತ್ತೋದು. ಆ ಹೊತ್ತಿನಲ್ಲಿ ಕೂಗುವವರೂ ಕಮ್ಮಿ, ಕೇಳುವವರೂ ಕಮ್ಮಿ. ಕುರ್ಚಿ ಮಡಚುವ ಸದ್ದಿನ ನಡುವೆ ಅವರ ಸ್ವಂತ ಹಾಡು. ಪ್ರತಿ ಹಬ್ಬಕ್ಕೂ ಒಂದು, ತಪ್ಪಿಸಿಲ್ಲ.

ಈಗ ಆರ್ಕೆಸ್ಟ್ರಾ ಕರೆಯುವವರೇ ಕಡಿಮೆ. ಒಬ್ಬ ಡಿಜೆ, ನಾಲ್ಕು ಬಾಕ್ಸು ಆದರೆ ಹಬ್ಬ ಆಯಿತು. ಕಳೆದ ಸೀಸನ್ನಿನಲ್ಲಿ ಮಾವನಿಗೆ ಸಿಕ್ಕ ಪ್ರೋಗ್ರಾಮು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲೊಂದಕ್ಕೆ ನಾನೂ ಹೋಗಿದ್ದೆ, ವರದಿಗಲ್ಲ, ವಯರು ಸುತ್ತೋದಕ್ಕೆ. ಚೀಟಿಗಳನ್ನು ಎತ್ತಿ ಕೊಡುವ ಕೆಲಸವೂ ನನ್ನದೇ. ನೋಟು ಸುತ್ತಿದ ಚೀಟಿಗಳ ನಡುವೆ ನೋಟಿಲ್ಲದ ಒಂದು ಚೀಟಿ ಇತ್ತು. ಸ್ಕೂಲ್ ಹುಡುಗನ ಅಕ್ಷರ.

'ಹಾಡು: ಹೋದ ವರ್ಷ ಲಾಸ್ಟಲ್ಲಿ ಹಾಡಿದ್ರಲ್ಲ, ಮಳೇದು. ಚಿತ್ರ: ಗೊತ್ತಿಲ್ಲ.'

ಮಾವ ಓದಿ ಜೇಬಿಗಿಟ್ಟುಕೊಂಡರು. ಗಡಿಯಾರ ನೋಡಿದರು, ಇನ್ನೂ ಒಂಬತ್ತು ಆಗಿರಲಿಲ್ಲ. 'ರಿದಂ ನಿಧಾನ ಇರಲಿ' ಅಂತ ಪ್ಯಾಡಿನವನಿಗೆ ಹೇಳಿ ಕೀಬೋರ್ಡಿಗೆ ಕೈ ಹಾಕಿದರು.