ಒಡೆದದ್ದಲ್ಲ, ಹೆಚ್ಚಿದ್ದು

ನಮ್ಮ ರಾಯಿಕೋಡಿನ ಮನೆಗಳಲ್ಲಿ ಬಳೆ ಒಡೆಯುವುದಿಲ್ಲ. ಬಿಂದಿಗೆಗೆ ತಗಲಿ ಚೂರುಚೂರಾದರೂ ಅದು 'ಹೆಚ್ಚುತ್ತದೆ'. ಹೊಸದಾಗಿ ಬಂದ ಸೊಸೆ ಬಾಯಿತಪ್ಪಿ "ಒಡೆದವು" ಎಂದರೆ ಹಿರಿಯರು ಮೆಲ್ಲಗೆ "ಹೆಚ್ಚಿದವು ಅನ್ನು ತಾಯಿ" ಎನ್ನುತ್ತಾರೆ. ಒಡೆದ ಬಳೆಯೊಡನೆ ವೈಧವ್ಯದ ನೆನಪು ಅಂಟಿಕೊಂಡಿದೆ. ಆದ್ದರಿಂದ ಕಳೆದುಹೋದದ್ದನ್ನು ಬೆಳೆದದ್ದೆಂದು ಹೇಳುವುದು ವಾಡಿಕೆ.

ಇದು ಕನ್ನಡಿಗರ ಸ್ವತ್ತು ಮಾತ್ರವೆಂದು ನಾವು ಬೀಗಬೇಕಾಗಿಲ್ಲ. ಮರಾಠಿ ಮನೆಗಳಲ್ಲಿಯೂ ಬಳೆ 'ವಾಢಲಿ' ಎಂದೇ ಮಾತು. ಅವರು ತೆಂಗಿನಕಾಯಿಯನ್ನು ಸಹ ಒಡೆಯದೆ 'ವಾಢವು'ತ್ತಾರೆ. ಉರ್ದು ಬಲ್ಲವರು ರಾತ್ರಿ ಅಂಗಡಿ ಮುಚ್ಚುವುದನ್ನು 'ದುಕಾನ್ ಬಢಾನಾ' ಎನ್ನುವರು, ದೀಪ ಆರಿಸುವುದನ್ನು 'ಚಿರಾಗ್ ಬಢಾನಾ' ಎನ್ನುವರು. ತೆಲುಗಿನಲ್ಲಿ ತಾಳಿ ಹರಿದರೆ 'ಪೆರಿಗಿಂದಿ', ದೀಪ ಆರಿದರೆ 'ಕೊಂಡೆಕ್ಕಿಂದಿ', ಅಂದರೆ ಬೆಟ್ಟ ಹತ್ತಿತು! ಮನೆಯಲ್ಲಿ ಅಕ್ಕಿ ತೀರಿದಾಗ ಆ ಗೃಹಿಣಿ 'ಬಿಯ್ಯಂ ನಿಂಡುಕುನ್ನಾಯಿ' ಎನ್ನುತ್ತಾಳೆ. ಅಕ್ಷರಾರ್ಥ ಹಿಡಿದವನಿಗೆ ಅಕ್ಕಿ ತುಂಬಿದೆ. ಒಲೆಯ ಮುಂದೆ ನಿಂತವಳಿಗೆ ಮಡಕೆ ಬರಿದು.

ಪಂಡಿತರು ಇಲ್ಲಿ ಒಂದು ಆಕ್ಷೇಪ ತರಬಹುದು. ಸಂಸ್ಕೃತದ ಧಾತುಪಾಠದಲ್ಲಿ 'ವರ್ಧ' ಎಂಬ ಧಾತುವಿಗೆ ತುಂಬುವುದು ಮಾತ್ರವಲ್ಲ, ಕತ್ತರಿಸುವುದೂ ಅರ್ಥವಾಗಿದೆ. ಕನ್ನಡದಲ್ಲಿಯೂ ಉಳ್ಳಾಗಡ್ಡಿಯನ್ನು 'ಹೆಚ್ಚು'ತ್ತೇವಲ್ಲವೆ? ಹಾಗಾದರೆ ಬಳೆ ಹೆಚ್ಚಿತೆಂಬುದು ನೇರವಾದ ಮಾತೇ, ಇದರಲ್ಲಿ ಭಾವವೆಲ್ಲಿ ಬಂತು? ವಾದ ಸೊಗಸಾಗಿದೆ, ಆದರೆ ನಮಗೆ ಒಪ್ಪಿಗೆಯಿಲ್ಲ. ತೆಲುಗಿನ ಬರಿದಾದ ಮಡಕೆ ತುಂಬುವುದಕ್ಕೆ, ದೀಪ ಬೆಟ್ಟ ಹತ್ತುವುದಕ್ಕೆ ಯಾವ ಧಾತುವೂ ನೆರವಾಗದು. ನಮ್ಮ ತಾಯಂದಿರು ಧಾತುಪಾಠ ಓದಿ ಬಳೆ ತೊಟ್ಟವರಲ್ಲ.

ಊರುಗಳ ಕತೆಯೂ ಇಂಥದೇ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಜಹೀರಾಬಾದ, ನಾರಾಯಣಖೇಡ ಭಾಗಗಳೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅವೇ ತೆಲಂಗಾಣವಾದವು. ಕಾಗದಪತ್ರಗಳಲ್ಲಿ ಇದಕ್ಕೆ 'ವರ್ಗಾವಣೆ' ಎಂಬ ಒಣ ಶಬ್ದವುಂಟು. ನಮ್ಮ ಮನೆಯ ಹಿರಿಯರು ಮಾತ್ರ "ನಮ್ಮನ್ನು ಅತ್ತ ಕೊಟ್ಟರು" ಎನ್ನುತ್ತಿದ್ದರು. ಮಗಳನ್ನು ಕೊಡುವುದಕ್ಕೆ ಬಳಸುವ ಮಾತೇ ಅದು. ಬೀದರಿಗೆ ಹೊರಟರೆ ತವರಿಗೆ ಹೊರಟ ಸಂಭ್ರಮ ಅವರಿಗೆ.

ಕೊಟ್ಟ ಮನೆಯಲ್ಲಿ ಶಬ್ದಗಳು ಕೆಲವೊಮ್ಮೆ ಬಾಧಿಸುತ್ತವೆ. ನಮ್ಮ ಅತ್ತೆಯವರು ವಿಧವಾ ಪಿಂಚಣಿಯ ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದರು. ಗುಮಾಸ್ತನ ಮುಂದೆ ಕಡತಗಳ ರಾಶಿ ಕಂಡು, ಸಂಕೋಚದಿಂದ "ಅವಸರ ಇಲ್ಲಪ್ಪ" ಎಂದರು. ನಮಗೆ ಅವಸರವೆಂದರೆ ಆತುರ, ತೆಲುಗಿನಲ್ಲಿ ಅದು ಅಗತ್ಯ. ಅಗತ್ಯವಿಲ್ಲವೆಂದ ಮೇಲೆ ಆತ ಕಾಗದವನ್ನು ಪಕ್ಕಕ್ಕಿಟ್ಟದ್ದರಲ್ಲಿ ಆಶ್ಚರ್ಯವೇನು? ತಿಂಗಳುಗಳು ಉರುಳಿದವು. ಹಣ ಬಾರದ ಆ ದಿನಗಳಲ್ಲಿ ಅತ್ತೆಯವರು ಯಾರಲ್ಲಿಯೂ ಕೇಳಲಿಲ್ಲ. ತಾವು ಮರ್ಯಾದೆಯಿಂದ ಆಡಿದ ಮಾತೇ ಅಡ್ಡಿಯಾಗಿದೆಯೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಗುಟ್ಟು ಬಿಡಿಸಿದವಳು ತೆಲುಗು ಶಾಲೆಯಲ್ಲಿ ಓದುವ ಅವರ ಮೊಮ್ಮಗಳು. ಈಗ ಕಚೇರಿಗೆ ಅವಳೇ ಜೊತೆ. ಕನ್ನಡ ಅಕ್ಷರ ಅವಳಿಗೆ ಬಾರದು. ಮಾತು ಮಾತ್ರ ಅಜ್ಜಿಯಿಂದ ಬಂದದ್ದು. ಮೊನ್ನೆ ಅಡಿಗೆಮನೆಯಿಂದ ಅವಳು "ಅಜ್ಜಿ, ಜೋಳ ತುಂಬ್ಯಾವ" ಎಂದು ಕೂಗಿದಳು. ಅತ್ತೆಯವರು ಹೋಗಿ ಡಬ್ಬಿಯ ಮುಚ್ಚಳ ತೆಗೆದರು. ತಳ ಕಾಣುತ್ತಿತ್ತು. ಏನನ್ನೂ ತಿದ್ದದೆ, ಚೀಲ ಹಿಡಿದು ಅಂಗಡಿಗೆ ಹೊರಟರು.