ಕೊನೆಯ ದಿನದ ಲೆಕ್ಕ

ಪ್ರವಾಸಕ್ಕೆ ಹೊರಡುವ ದಿನದ ಉತ್ಸಾಹವನ್ನು ಬಣ್ಣಿಸಿದವರು ಬಹು ಮಂದಿ. ತಿರುಗಿ ಬರುವ ದಿನವನ್ನು ಕುರಿತು ಬಾಯಿ ಬಿಡುವವರು ಕಡಮೆ. ಅದಕ್ಕೆ ಕಾರಣವೂ ಉಂಟು. ಆ ದಿನ ಬಟ್ಟೆಗಳೆಲ್ಲ ಮಾಸಿರುತ್ತವೆ; ಹೇಳತಕ್ಕ ಹಾಸ್ಯಗಳೆಲ್ಲ ಮುಗಿದಿರುತ್ತವೆ; ಮರುದಿನದ ಕಚೇರಿಯು ಕಣ್ಣೆದುರಿಗೆ ಬಂದು ನಿಂತಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ದಿನ ಖರ್ಚಿನ ಲೆಕ್ಕ ಮಾಡಬೇಕಾಗುತ್ತದೆ.

ನಮ್ಮ ಗುಂಪಿನಲ್ಲಿ ಲೆಕ್ಕ ಬರೆಯುವವನು ನಾನು. ಸರಕಾರಿ ಕಚೇರಿಯ ಗುಮಾಸ್ತನಿಗೆ ಬೇರೆ ಯಾವ ವಿದ್ಯೆ ಬಂದೀತು ಎಂದು ಗೆಳೆಯರು ಸರ್ವಾನುಮತದಿಂದ ಆ ಪದವಿಯನ್ನು ನನಗೆ ಕಟ್ಟಿದ್ದಾರೆ. ಈಗ ಲೆಕ್ಕ ಮಾಡುವುದಕ್ಕೆ ಫೋನಿನಲ್ಲಿ ಎಷ್ಟೋ ಉಪಾಯಗಳಿವೆಯೆಂದು ಅವರೇ ಹೇಳುತ್ತಾರೆ. ಆದರೂ ಕೆಂಪು ರಟ್ಟಿನ ನನ್ನ ವಹಿಯನ್ನು ನಾನು ಬಿಟ್ಟಿಲ್ಲ. ಅದರಲ್ಲಿ ಚಹದ ಹತ್ತು ರೂಪಾಯಿಗೂ ಒಂದು ಸಾಲು ಉಂಟು. ಇದುವರೆಗೆ ಅದರಲ್ಲಿ ಒಂದು ಪೈಸೆಯ ತಪ್ಪೂ ಬಂದಿಲ್ಲವೆಂಬುದು ನನ್ನ ಹೆಮ್ಮೆಯಾಗಿತ್ತು.

ನಾವು ನಾಲ್ವರು, ಮುಂಬಯಿಯ ಒಂದೇ ಕನ್ನಡ ಶಾಲೆಯಲ್ಲಿ ಕಲಿತವರು. ಒಬ್ಬನಲ್ಲಿ ಕಾರು ಇರುವುದರಿಂದ ಅವನನ್ನು ‘ಯಜಮಾನ’ ಎನ್ನುತ್ತೇವೆ. ಕಂತು ಇನ್ನೂ ತೀರದಿರುವುದರಿಂದ ಕಾರಿನ ನಿಜವಾದ ಯಜಮಾನರು ಬ್ಯಾಂಕಿನವರು. ಇನ್ನೊಬ್ಬ ಶಾಲೆಯ ಮಾಸ್ತರ. ಮತ್ತೊಬ್ಬ ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದವನು. ಗಾಡಿ ನಡೆಸುವುದರಲ್ಲಿ ಅವನನ್ನು ಸರಿಗಟ್ಟುವವರಿಲ್ಲದ ಕಾರಣ ಅವನು ನಮಗೆ ‘ಸಾರಥಿ’.

2023ರ ಡಿಸೆಂಬರಿನಲ್ಲಿ ಐದು ದಿನ ರಜೆ ಹೊಂದಿಸಿಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪೆಗಳನ್ನು ನೋಡಿ, ನಾಲ್ಕನೆಯ ರಾತ್ರಿ ಧಾರವಾಡದಲ್ಲಿ ಇಳಿದುಕೊಂಡೆವು. ಐದನೆಯ ದಿನ ಬೆಳಗಿನ ಐದೂವರೆಗೆ ಡೊಂಬಿವಲಿಯ ಕಡೆಗೆ ಗಾಡಿ ತಿರುಗಿಸಿದೆವು. ಸುಮಾರು 550 ಕಿಲೋಮೀಟರಿನ ದಾರಿ. ಚಳಿಗೆ ಗಾಜಿನ ಮೇಲೆಲ್ಲ ಹಬೆ ಕಟ್ಟಿತ್ತು. ಹಿಂದಿನ ಸಂಜೆ ಕೊಂಡ ಪೇಢೆಯ ಪೊಟ್ಟಣಗಳು ನನ್ನ ಕಾಲ ಬಳಿ ಪರಿಮಳಿಸುತ್ತಿದ್ದವು.

ಕಿತ್ತೂರು ಬಂದಾಗ ಇನ್ನೂ ನಸುಕು. ಹೆದ್ದಾರಿಯೆಂದರೆ ಮಾಸ್ತರನಿಗೆ ಇತಿಹಾಸದ ಪುಸ್ತಕವಿದ್ದಂತೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಎದುರಿಗೆ ಬಿದ್ದ ಕಥೆಯನ್ನು ಅವನು ಅರ್ಧ ನಿದ್ದೆಯಲ್ಲಿಯೇ ಹೇಳಿ ಮುಗಿಸಿದನು. ಬೆಳಗಾವಿಯಲ್ಲಿ ಉಪಾಹಾರವಾಯಿತು. ಅಲ್ಲಿಯ ಕುಂದಾ ಕೊಳ್ಳದೆ ಬಂದರೆ ಮನೆಯವರು ಬಾಗಿಲು ತೆರೆಯುವುದಿಲ್ಲವೆಂದು ನಾವು ಮೂವರೂ ಅಂಗಡಿಗೆ ನುಗ್ಗಿದೆವು. ಸಾರಥಿ ಮಾತ್ರ, ಗಾಳಿಯ ಒತ್ತಡ ನೋಡಬೇಕೆಂದು ಹೇಳಿ ಗಾಡಿಯ ಬಳಿಯಲ್ಲಿಯೇ ನಿಂತನು. ಟಾಯರುಗಳಲ್ಲಿ ಗಾಳಿ ಸರಿಯಾಗಿಯೇ ಇತ್ತು. ಆಗ ನನಗದು ಹೊಳೆಯಲಿಲ್ಲ.

ಸಂಕೇಶ್ವರ ದಾಟಿ, ತವಂದಿ ಘಾಟ ಇಳಿದು, ನಿಪ್ಪಾಣಿಯನ್ನು ಹಿಂದೆ ಹಾಕಿ, ದೂಧಗಂಗೆಯನ್ನು ದಾಟಿ ಕಾಗಲಿಗೆ ಬಂದರೆ ಅಂಗಡಿಗಳ ಮೇಲಿನ ಕನ್ನಡ ಅಕ್ಷರಗಳು ಮುಗಿದು ಹೋಗುತ್ತವೆ. ಪ್ರತಿಸಲವೂ ಆ ಹೊತ್ತಿಗೆ ಕಾರಿನಲ್ಲಿ ಮಾತು ನಿಲ್ಲುತ್ತದೆ. ಹಾಗೆ ನೋಡಿದರೆ ಈ ಗಡಿಗೆ ಹೆಚ್ಚಿನ ವಯಸ್ಸಾಗಿಲ್ಲ. ಕೊಲ್ಹಾಪುರದ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಅದೇ ಪ್ರಾಂತದಲ್ಲಿದ್ದವು. ನಮ್ಮಜ್ಜ 1948ರಲ್ಲಿ ಧಾರವಾಡದ ಹತ್ತಿರದ ಹಳ್ಳಿಯಿಂದ ಒಂದು ಟ್ರಂಕು ಹಿಡಿದುಕೊಂಡು ಮುಂಬಯಿಗೆ ಬಂದಾಗ, ಅವನು ಬಂದುದು ತನ್ನ ರಾಜಧಾನಿಗೆ, ಪರರಾಜ್ಯಕ್ಕಲ್ಲ. ಬಂದು ಮೊದಲ ಆರು ತಿಂಗಳು ನೌಕರಿ ಸಿಗದೆ ಗಿರಗಾವದ ಖಾನಾವಳಿಯೊಂದರಲ್ಲಿ ಬಾಕಿಯ ಮೇಲೆ ಉಂಡನೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ಕೊಲ್ಹಾಪುರದಿಂದ ಮುಂದಕ್ಕೆ ದಾರಿ ಅಗಲಿಸುವ ಕೆಲಸ ನಡೆದಿತ್ತು. ಅದರ ಮೇಲೆ ಕಬ್ಬಿನ ಹಂಗಾಮು ಬೇರೆ. ಒಂದೊಂದು ಟ್ರ್ಯಾಕ್ಟರು ಎರಡೆರಡು ಗಾಡಿ ಕಬ್ಬು ಎಳೆದುಕೊಂಡು, ಮದುವೆಯ ಮೆರವಣಿಗೆಯಂತೆ ನಡುರಸ್ತೆಯಲ್ಲಿ ಸಾಗುತ್ತಿತ್ತು. ಸಾರಥಿ ಬೇಸರಪಡದೆ ಅವುಗಳ ಬೆನ್ನು ಹಿಡಿದು ನಡೆಸಿದನು. ಯಜಮಾನನು ಎರಡು ಸಲ “ನಾ ಹಿಡೀತೀನಿ ಕೊಡೋ” ಎಂದರೂ ಅವನು ಕೇಳಲಿಲ್ಲ. ಐದು ದಿನಗಳಲ್ಲಿ ಹೆಚ್ಚು ಕಡಮೆ ಎಲ್ಲ ದಾರಿಯನ್ನೂ ಅವನೇ ನಡೆಸಿದ್ದನು.

ಕರಾಡದ ಹತ್ತಿರ ಊಟಕ್ಕೆ ನಿಂತೆವು. ಸಾರಥಿ, “ಹೊಟ್ಟಿ ಭಾರ ಆಗೇದ, ಬರೇ ಚಾ ಕುಡೀತೀನಿ” ಎಂದನು. ಊಟ ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತು ನಾನು ವಹಿ ತೆರೆದೆನು. ನಮ್ಮ ವಹಿಯಲ್ಲಿ ಕೂಡು ಖರ್ಚಿಗೆ ಒಂದು ಪುಟ. ಒಬ್ಬೊಬ್ಬರು ತಮತಮಗೆ ಕೊಂಡುದಕ್ಕೆ ಬೇರೆ ಅಂಕಣಗಳು. ಯಜಮಾನನ ಅಂಕಣದಲ್ಲಿ ಇಳಕಲ್ಲ ಸೀರೆ, ಪೇಢೆ, ಕುಂದಾ. ಮಾಸ್ತರನದರಲ್ಲಿ ಪುಸ್ತಕಗಳು. ನನ್ನದನ್ನು ಹೇಳದಿರುವುದೇ ಲೇಸು. ಸಾರಥಿಯ ಅಂಕಣದಲ್ಲಿ ಒಂದೇ ನಮೂದು: ಹಂಪೆಯಲ್ಲಿ ಮಗಳಿಗಾಗಿ ಕೊಂಡ ಕಲ್ಲಿನ ಪುಟ್ಟ ಆನೆ, 60 ರೂಪಾಯಿ. ಅದನ್ನೂ ಅವನು ಅಲ್ಲಿಯೇ ನಗದಾಗಿ ನನ್ನ ಕೈಗೆ ಹಾಕಿದ್ದನು.

ಅಂಕಣದ ಆ ಬಿಳಿಯ ಕಾಗದವನ್ನೇ ನಾನು ಬಹಳ ಹೊತ್ತು ನೋಡಿದೆನು. ಮೂರು ದಿನದಿಂದ ಊಟದ ಹೊತ್ತಿಗೆ ಭಾರವಾಗುತ್ತಿದ್ದ ಅವನ ಹೊಟ್ಟೆ, ಬೆಳಗಾವಿಯ ಟಾಯರಿನ ಗಾಳಿ, ಎಲ್ಲವೂ ಒಂದರ ಕೆಳಗೊಂದು ಬಂದು ನಿಂತವು. ಕಚೇರಿಯಲ್ಲಿ ಪರರ ಕಾಗದಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ನಾನು, ಪಕ್ಕದಲ್ಲಿದ್ದ ಗೆಳೆಯನ ಮುಖ ಓದಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಸಾತಾರೆ ದಾಟಿ ಚಹಕ್ಕೆ ನಿಂತಾಗ ಅವನೊಬ್ಬನನ್ನೇ ಬದಿಗೆ ಕರೆದು, “ಏನಾಗೇದ ಹೇಳೋ” ಎಂದೆನು.

ಅವನು ಲೋಟದೊಳಗೆ ನೋಡುತ್ತ ಹೇಳಿದನು: “ಕೆಲಸ ಹೋಗಿ ನಾಲ್ಕು ತಿಂಗಳಾತು. ಇಲ್ಲೀ ಆಫೀಸ ಮುಚ್ಚಿದ್ರು.”

“ಮತ್ತ ಯಾಕ ಬಂದಿ?” ಎಂದು ನನ್ನ ಬಾಯಿಂದ ಹೊರಟೇ ಹೋಯಿತು.

“ಬರೂದಿಲ್ಲ ಅಂದ್ರ ಯಾಕ ಅಂತ ಕೇಳ್ತಿದ್ರಿ. ಮನಿಯಾಕಿನೂ, ಹೋಗಿ ಬರ್ರಿ, ಮನಿಯೊಳಗ ಎಷ್ಟಂತ ಕೂಡ್ತೀರಿ ಅಂದ್ಳು. ಮ್ಯಾಲ ಸ್ಟಿಯರಿಂಗ್ ಹಿಡದು ಕೂತಾಗ ಯಾವ ಚಿಂತೀನೂ ಹತ್ರ ಬರೂದಿಲ್ಲ ನೋಡು.” ಲೋಟ ಕೆಳಗಿಟ್ಟು, “ಅವರಿಬ್ಬರಿಗೂ ಹೇಳಬ್ಯಾಡ” ಎಂದನು.

ಖಂಬಾಟಕಿಯ ಸುರಂಗದೊಳಗೆ ಹೋಗುವಾಗಲೂ ಪುಣೆಯ ಹೊರರಸ್ತೆಯಲ್ಲಿ ಲಾರಿಗಳ ನಡುವೆ ತೆವಳುವಾಗಲೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಕೂಡು ಖರ್ಚು ಒಟ್ಟು 34,200 ರೂಪಾಯಿ ಆಗಿತ್ತು, ತಲೆಗೆ 8,550. ಹೊರಡುವಾಗ ಎಲ್ಲರೂ 3,000 ಕೊಟ್ಟಿದ್ದರು. ಉಳಿದುದನ್ನು ನಾನೂ ಯಜಮಾನನೂ ಕೈಯಿಂದ ಹಾಕಿದ್ದೆವು. ಅಂದರೆ ಸಾರಥಿ ಇನ್ನೂ 5,550 ರೂಪಾಯಿ ಕೊಡಬೇಕು. ಕೆಲಸವಿಲ್ಲದವನ ಮನೆಯಲ್ಲಿ ಅದು ಎಷ್ಟು ದಿನದ ಸಂತೆಯಾದೀತು! ಗುಟ್ಟು ಬಿಡುವಂತಿಲ್ಲ, ಹಣ ಕೇಳುವಂತಿಲ್ಲ. ಲೋಣಾವಳೆಯ ಘಾಟಿನಲ್ಲಿ ಕತ್ತಲಾಗುತ್ತ ಬಂದಾಗ ಉಪಾಯ ಹೊಳೆಯಿತು. ಅದು ನನ್ನ ಕಚೇರಿಯೇ ಕಲಿಸಿದ ಉಪಾಯ. ಪ್ರವಾಸ ಹೋದ ನೌಕರನಿಗೆ ದಿನಭತ್ತೆ ಉಂಟಷ್ಟೆ? ನಮ್ಮ ಸಾರಥಿಗೆ ಮಾತ್ರ ಏಕಿರಬಾರದು? ದಿನಕ್ಕೆ 500ರಂತೆ ಐದು ದಿನಕ್ಕೆ 2,500 ರೂಪಾಯಿ ‘ಚಾಲಕನ ಭತ್ತೆ’ ಎಂದು ಫೋನಿನ ಬೆಳಕಿನಲ್ಲಿ ಬರೆದೆನು. ಅದನ್ನು ನಾಲ್ವರಿಗೂ ಹಂಚಿ, ಅವನ ಪಾಲಿನಿಂದ ಕಳೆದರೆ 1,875 ರೂಪಾಯಿಯ ಭಾರ ಇಳಿಯುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆನು.

ಖಾಲಾಪುರದ ಹತ್ತಿರ ಕೊನೆಯ ಚಹ ಕುಡಿದು ಲೆಕ್ಕ ಓದುವುದು ನಮ್ಮ ವಾಡಿಕೆ. ಅಲ್ಲಿಂದ ಮುಂದೆ ಎಲ್ಲರ ಮನಸ್ಸೂ ಮನೆಯಲ್ಲಿರುತ್ತದೆ. ನಾನು ಪೆಟ್ರೋಲು, ಟೋಲು, ಕೋಣೆ, ಊಟ ಎಂದು ಓದುತ್ತ ಹೋಗಿ, ಅದೇ ದನಿಯಲ್ಲಿ “ಚಾಲಕನ ಭತ್ತೆ, 2,500” ಎಂದೆನು. ಮಾಸ್ತರನು ಮೇಜು ತಟ್ಟಿ “ನ್ಯಾಯ ಅಂದ್ರ ಇದು!” ಎಂದನು. ಯಜಮಾನನೂ ತಲೆಯಾಡಿಸಿದನು.

ಸಾರಥಿ ಕೈ ಚಾಚಿ ವಹಿಯನ್ನು ತೆಗೆದುಕೊಂಡನು. ಆ ಸಾಲನ್ನು ಓದಿದನು. ಮೆಲ್ಲಗೆ ಕೇಳಿದನು: “ಐದು ದಿನ ನಾ ನಿಮ್ಮ ಬಾಡಿಗಿ ಡ್ರೈವರ್ ಆಗಿ ಬಂದಿದ್ನೇನೋ?”

ಯಾರೂ ಮಾತಾಡಲಿಲ್ಲ.

“ಇದನ್ನ ಹೊಡದು ಹಾಕು. ಈಗ ಎರಡು ಸಾವಿರ ಅದಾವ, ತಗೊ. ಉಳಿದದ್ದು ನನ್ನ ಹೆಸರೀಲೆ ಬಾಕಿ ಬರಕೊ. ಕೊಡಾಂವ ಇದ್ದೀನಿ.” ಆಮೇಲೆ ತಾನಾಗಿಯೇ ಆ ಇಬ್ಬರ ಕಡೆಗೆ ತಿರುಗಿ, “ನನ್ನ ಕೆಲಸ ಹೋಗೇದ. ಇವಗ ಮಧ್ಯಾಹ್ನ ಹೇಳಿದ್ದೆ” ಎಂದನು.

ಯಜಮಾನನ ಮುಖ ಸಣ್ಣಗಾಯಿತು. “ಮೊದಲ ಹೇಳಬಾರದೇನೋ ಮಾರಾಯಾ! ಬಾಕಿ ಗೀಕಿ ಏನೂ ಬ್ಯಾಡ...” ಎಂದು ಅವನು ಆರಂಭಿಸಿದನು. ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತಿಕೆಯೆಂದರೆ ಆ ಮಾತನ್ನು ಮುಗಿಯಗೊಡದಿದ್ದುದು. “ಬಾಕಿ ಬರದೀನಿ” ಎಂದೆನು. ಭತ್ತೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಅವನ ಹೆಸರು ಬರೆದು, 3,550 ಎಂದು ಕಾಣಿಸಿದೆನು. ಅವನು ನನ್ನ ಕೈಯಿಂದ ಪೆನ್ನು ಇಸಿದುಕೊಂಡು ಅದರ ಕೆಳಗೆ ಸಹಿ ಹಾಕಿದನು. ಆಮೇಲೆ, “ಏನರ ತಿನ್ನೋಣು ನಡೀರಿ, ಹಸಿವ್ಯಾಗೇದ” ಎಂದನು. ನಾಲ್ವರೂ ವಡಾಪಾವು ತಿಂದೆವು. ಅದನ್ನು ನಾನು ಕೂಡು ಖರ್ಚಿನಲ್ಲಿ ಬರೆಯಲಿಲ್ಲ. ಯಾರು ಕೊಟ್ಟರೆಂಬುದೂ ಈಗ ನೆನಪಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಅವನು ನನ್ನನ್ನು ಮನೆಯ ಮುಂದೆ ಇಳಿಸಿದನು. ಚೀಲಗಳನ್ನು ಎತ್ತಿಕೊಡುವಾಗ ನಾನು, “ತಪ್ಪಾತೋ” ಎಂದೆನು. “ನಿನ್ನ ಲೆಕ್ಕ ತಪ್ಪಿದ್ದು ಇದ ಮೊದಲನೇ ಸಲ ಅಲ್ಲೇನು?” ಎಂದು ನಕ್ಕು ಗಾಡಿ ತಿರುಗಿಸಿದನು.

ಆ ರಾತ್ರಿ ಅಜ್ಜನ ಖಾನಾವಳಿ ನೆನಪಾಯಿತು. ಆ ಖಾನಾವಳಿಯವರು ಅಜ್ಜನ ಬಾಕಿಯಲ್ಲಿ ಒಂದು ಆಣೆಯನ್ನೂ ಬಿಡಲಿಲ್ಲವಂತೆ. ಆದರೆ ಆರು ತಿಂಗಳಲ್ಲಿ ಒಂದು ದಿನವೂ ತಾಟು ಇಡುವುದನ್ನು ನಿಲ್ಲಿಸಲಿಲ್ಲವಂತೆ. ನೌಕರಿ ಸಿಕ್ಕ ಮೇಲೆ ಅಜ್ಜ ಎಲ್ಲವನ್ನೂ ತೀರಿಸಿದನು. ಅವರನ್ನು ನೆನೆದಾಗಲೆಲ್ಲ ಅವನು, “ಅವರು ನನ್ನ ಹೆಸರು ಬರಕೊಂಡಿದ್ರು” ಎಂದೇ ಹೇಳುತ್ತಿದ್ದನು. ಪುಕ್ಕಟೆ ಉಣ್ಣಿಸಿದ್ದರೆ ಅಷ್ಟು ಗೌರವದಿಂದ ನೆನೆಯುತ್ತಿದ್ದನೋ ಇಲ್ಲವೋ. ಬಾಕಿ ಬರೆದುಕೊಳ್ಳುವವನು, ನೀನು ನಾಳೆಯೂ ಬರುತ್ತೀ, ನಾಳೆ ನಿನ್ನ ಕೈಯಲ್ಲಿ ಆದೀತು ಎಂದು ನಂಬುತ್ತಾನೆ. ಮನೆಮಾರು ಬಿಟ್ಟು ದೂರದ ಊರಿಗೆ ಬಂದ ನಮ್ಮಂಥವರ ಹಿರಿಯರನ್ನು ನಿಲ್ಲಿಸಿದುದು ಇಂಥ ನಂಬಿಕೆಯೇ ಇರಬೇಕು.

2024ರ ಯುಗಾದಿಯ ಹೊತ್ತಿಗೆ ಸಾರಥಿಗೆ ಭಿವಂಡಿಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಮೆ. ಹಬ್ಬದ ದಿನ ನನ್ನ ಫೋನಿಗೆ ಸಾವಿರ ರೂಪಾಯಿ ಬಂದಿತು, ಬೆನ್ನಿಗೇ ಅವನ ಕರೆ, “ಜಮಾ ಮಾಡಿಕೊ.” ಮಾಡಿಕೊಂಡೆನು. ಅವನು ಮತ್ತೆ ಆ ಮಾತು ತೆಗೆದಿಲ್ಲ; ನಾನೂ ಕೇಳಿಲ್ಲ.

ಈಗ ಗೋಕರ್ಣ, ಜೋಗಗಳ ಕಡೆಗೆ ಹೋಗುವ ಮಾತು ನಡೆದಿದೆ. ವಹಿಯಲ್ಲಿ ಹೊಸ ಪುಟ ತೆರೆದಿದ್ದೇನೆ. ಅದರ ಮೊದಲನೆಯ ಸಾಲು: ‘ಹಿಂದಿನ ಪುಟದಿಂದ ತಂದ ಬಾಕಿ, 2,550 ರೂಪಾಯಿ.’ ಅದು ಬೇಗ ತೀರಿಬಿಡಲೆಂಬ ಅವಸರ ನನಗಂತೂ ಇಲ್ಲ.