ಬಾನುಲಿಯ ರಾಜಗುರು

ಮಾತನ್ನೇ ನಂಬಿ ಬದುಕುವ ವೃತ್ತಿ ನನ್ನದು. ಗಂಟೆ ಹೊಡೆದೊಡನೆ ತರಗತಿಗೆ ಹೋಗಿ ಮುಕ್ಕಾಲು ಗಂಟೆ ಮಾತನಾಡಿ ಬರುತ್ತೇನೆ. ಅದರಿಂದ ಯಾರ ಮನಸ್ಸೂ ತಿರುಗಿದ ನಿದರ್ಶನವಿಲ್ಲ. ಕೊನೆಯ ಬೆಂಚಿನ ಕೆಲವರ ಕತ್ತು ತಿರುಗುವುದುಂಟು, ಅದೂ ಕಿಟಕಿಯ ಕಡೆಗೆ. ಹೀಗಿರುವಾಗ, ಒಂದು ಕೋಣೆಯಲ್ಲಿ ಕುಳಿತು ಬರಿಯ ಮಾತಿನಿಂದಲೇ ಒಂದು ರಾಜ್ಯದ ಒಂದು ಪಕ್ಷವನ್ನು ಆಡಿಸುವವರುಂಟೆಂದರೆ ನನಗೆ ಮತ್ಸರವಾಗುವುದು ಸಹಜವಷ್ಟೆ.

ಅಂಥವರೊಬ್ಬರ ಧ್ವನಿಯನ್ನು ನಾನು ಕೇಳಿದ್ದು 2016ರ ಮಾರ್ಚಿನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ತಂಗಿಯ ಬಾಣಂತನಕ್ಕೆಂದು ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಬಾಣಂತಿಯ ಮನೆಯಲ್ಲಿ ಗಂಡಸರಿಗೇನು ಕೆಲಸ? ಭಾವಮೈದುನನ ಕಾರಿನಲ್ಲಿ ಕುಳಿತು ಊರು ಸುತ್ತುತ್ತಿದ್ದೆ. ಆ ಕಾರಿನ ರೇಡಿಯೋ ಹಾಡುತ್ತಿರಲಿಲ್ಲ, ಮಾತನಾಡುತ್ತಿತ್ತು. ಮಾತು ಚಾರ್ಲಿ ಸೈಕ್ಸ್ ಎಂಬ ಸಂಪ್ರದಾಯವಾದಿ ವಾಗ್ಮಿಯದು. ಜಗುಲಿಯ ಮೇಲೆ ಕುಳಿತು ಊರ ಉಸಾಬರಿ ಹೇಳುವ ಹಿರಿಯರ ಧಾಟಿ.

“ಇವರನ್ನು ಎದುರು ಹಾಕಿಕೊಂಡು ಇಲ್ಲಿಯ ರಿಪಬ್ಲಿಕನ್ ಪಕ್ಷದಲ್ಲಿ ಬಾಳುವುದು ಕಷ್ಟ, ಭಾವ” ಎಂದ ಭಾವಮೈದುನ.

ಅದರ ಗುಟ್ಟು ಟಿಕೆಟ್ಟಿನಲ್ಲಿದೆ. ನಮ್ಮಲ್ಲಿ ಟಿಕೆಟ್ಟು ಬಹುಮಟ್ಟಿಗೆ ದೆಹಲಿಯಿಂದ ಇಳಿದು ಬರುತ್ತದೆ. ಅಲ್ಲಿ ಪಕ್ಷದ ಉಮೇದುವಾರನನ್ನು ಆರಿಸುವವರೂ ಮತದಾರರೇ, ಪ್ರೈಮರಿ ಎಂಬ ಮೊದಲ ಚುನಾವಣೆಯಲ್ಲಿ. ಅದಕ್ಕೆ ಬರುವವರು ಕಡಮೆ. ಬರುವವರು ಪಕ್ಷದ ಕಟ್ಟಾಳುಗಳು. ಆ ಕಟ್ಟಾಳುಗಳು ದಿನಬೆಳಗಾದರೆ ಕೇಳುವುದು ಈ ಧ್ವನಿಯನ್ನು. ವಿವಾದದ ವಿಷಯಗಳಲ್ಲಿ ಎದುರು ಅಭಿಪ್ರಾಯಕ್ಕೂ ಎಡೆಕೊಡಬೇಕೆಂದು ಬಾನುಲಿಗೆ ಇದ್ದ ಕಟ್ಟಳೆಯನ್ನು 1987ರಲ್ಲಿ ತೆಗೆದರು. ಮರುವರ್ಷವೇ ರಷ್ ಲಿಂಬಾ ದೇಶಕ್ಕೆಲ್ಲ ಕೇಳುವಂತೆ ಮಾತಿಗಿಳಿದರು. ಆಮೇಲೆ ಊರೂರಿಗೊಬ್ಬ ಕಿರಿಯ ಲಿಂಬಾ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನು?

ಹಾಗೆಂದು ಈ ವಿದ್ಯೆ ಬಾನುಲಿಯ ಸ್ವಂತ ಸೃಷ್ಟಿಯಲ್ಲ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ ವಿಲಿಯಂ ಲೋಬ್ ಎಂಬುವರು ಮ್ಯಾಂಚೆಸ್ಟರಿನ ‘ಯೂನಿಯನ್ ಲೀಡರ್’ ಪತ್ರಿಕೆಯನ್ನು ಕೈಯಲ್ಲಿಟ್ಟುಕೊಂಡು, 1981ರಲ್ಲಿ ಸಾಯುವ ತನಕ ಮುಖಪುಟದಲ್ಲಿಯೇ ಸಂಪಾದಕೀಯದ ಚಾಟಿ ಬೀಸಿದರು. ಹೊಸ ತೆರಿಗೆ ಹಾಕುವುದಿಲ್ಲವೆಂದು ಆಣೆಯಿಡದ ರಾಜಕಾರಣಿಗೆ ಅಲ್ಲಿ ಉಳಿಗಾಲವಿಲ್ಲ. 1972ರ ಪ್ರೈಮರಿಯಲ್ಲಿ, ಅಧಿಕಾರದಲ್ಲಿದ್ದ ಸ್ವಪಕ್ಷದ ಗವರ್ನರ್ ವಾಲ್ಟರ್ ಪೀಟರ್ಸನ್‌ರನ್ನೇ ಮೆಲ್ಡ್ರಿಮ್ ಥಾಮ್ಸನ್ ಸೋಲಿಸಿದರು. ಬೆನ್ನಿಗೆ ಲೋಬ್ ಇದ್ದರು. ಆ ರಾಜ್ಯದಲ್ಲಿ ಸಂಬಳದ ಮೇಲೆ ಇಂದಿಗೂ ರಾಜ್ಯದ ತೆರಿಗೆಯಿಲ್ಲ. ಸ್ವಾರಸ್ಯವೆಂದರೆ, ಲೋಬ್ ಮಹಾಶಯರು ಬಿಡಾರ ಹೂಡಿದ್ದದ್ದು ಪಕ್ಕದ ಮ್ಯಾಸಚೂಸೆಟ್ಸಿನಲ್ಲಿ!

ಸೈಕ್ಸ್‌ರದೂ ಅಂಥದೇ ವೈಭವ. ಸರ್ಕಾರಿ ನೌಕರರ ಸಂಘಗಳ ಹಕ್ಕನ್ನು 2011ರಲ್ಲಿ ಮೊಟಕು ಮಾಡಿದ ಗವರ್ನರ್ ಸ್ಕಾಟ್ ವಾಕರ್‌ರನ್ನು ಇಳಿಸಬೇಕೆಂದು ಮರುವರ್ಷ ವಿಶೇಷ ಚುನಾವಣೆ ನಡೆದಾಗ, ಮಿಲ್ವಾಕಿಯ ಬಾನುಲಿ ಅವರ ಪರವಾಗಿ ಟೊಂಕಕಟ್ಟಿ ನಿಂತಿತ್ತು. ವಾಕರ್ ಗೆದ್ದರು. 2016ರ ಮಾರ್ಚ್ 28ರಂದು ಡೊನಾಲ್ಡ್ ಟ್ರಂಪ್ ತಾವಾಗಿ ದೂರವಾಣಿಯಲ್ಲಿ ಈ ಕಾರ್ಯಕ್ರಮಕ್ಕೆ ಬಂದರು. ಸೈಕ್ಸ್ ತಾವು ಅವರ ವಿರೋಧಿಯೆಂಬುದನ್ನು ಮುಚ್ಚಿಡಲಿಲ್ಲ. ಏಪ್ರಿಲ್ 5ರ ಪ್ರೈಮರಿಯಲ್ಲಿ ಟೆಡ್ ಕ್ರೂಜ್‌ಗೆ ಶೇಕಡ 48, ಟ್ರಂಪ್‌ಗೆ 35. ರಾಜಗುರುವಿನ ಮಾತಿಗೆ ಎದುರಿಲ್ಲವೆಂದು ನಾನು ಊರಿಗೆ ಬಂದು ಸಹೋದ್ಯೋಗಿಗಳಿಗೆ ವರ್ಣಿಸಿದ್ದೇ ವರ್ಣಿಸಿದ್ದು.

ನವೆಂಬರಿನಲ್ಲಿ ಅದೇ ವಿಸ್ಕಾನ್ಸಿನ್ ಟ್ರಂಪ್‌ರನ್ನು ಗೆಲ್ಲಿಸಿತು, ಇಪ್ಪತ್ತಮೂರು ಸಾವಿರಕ್ಕೂ ಕಡಮೆ ಮತಗಳ ಅಂತರದಿಂದ. ಅಷ್ಟು ಹೊತ್ತಿಗೆ ಸೈಕ್ಸ್‌ರ ಕೇಳುಗರಲ್ಲಿ ಅನೇಕರು ಅವರಿಗೇ ಎದುರಾಡುತ್ತಿದ್ದರು. ಟ್ರಂಪ್ ಹೇಳಿದ್ದು ಸುಳ್ಳೆಂದು ತೋರಿಸಲು ಸೈಕ್ಸ್ ಪತ್ರಿಕೆಯ ವರದಿಯನ್ನು ಮುಂದಿಟ್ಟರೆ, ಆ ಪತ್ರಿಕೆಯನ್ನು ನಂಬುವಂತಿಲ್ಲವಲ್ಲ ಎಂಬುದು ಉತ್ತರ. ಪತ್ರಿಕೆಗಳನ್ನು ನಂಬಬೇಡಿರೆಂದು ಇಪ್ಪತ್ತು ವರ್ಷ ಪಾಠ ಹೇಳಿದವರಲ್ಲಿ ತಾವೂ ಒಬ್ಬರೆಂದು ಸೈಕ್ಸ್ ಬಹಿರಂಗವಾಗಿಯೇ ಒಪ್ಪಿಕೊಂಡರು. ಶಿಷ್ಯರು ಪಾಠವನ್ನು ಚೆನ್ನಾಗಿ ಕಲಿತಿದ್ದರು. ಮೇಷ್ಟರಾದ ನನಗೆ ಇಂಥ ಶಿಷ್ಯರ ಭಯ ಇಷ್ಟು ದಿನ ಇರಲಿಲ್ಲ. ನಮ್ಮ ತಾಳಮದ್ದಳೆಯ ಅರ್ಥಧಾರಿ ಇಂದು ಕೌರವನಾಗಿ, ನಾಳೆ ಕೃಷ್ಣನಾಗಿ ವಾದಿಸಿದರೂ ಸಭೆ ತಲೆದೂಗುತ್ತದೆ. ಬಾನುಲಿಯ ಅರ್ಥಧಾರಿಗೆ ಆ ಭಾಗ್ಯವಿಲ್ಲ. ಒಂದೇ ಪಾತ್ರ, ಅದರ ಮಾತೂ ಕೇಳುಗರಿಗೆ ಬಾಯಿಪಾಠ. ಅವರು ಹೋಗುವ ದಾರಿಯಲ್ಲಿ ನಡೆಯುವವರೆಗೆ ಮಾತ್ರ ಆತ ಮುಂದಾಳು.

ಭಾವಮೈದುನನ ನೆರೆಮನೆಯ ಮುದುಕರೊಬ್ಬರು, ಬಹಳ ವರ್ಷದ ಕೇಳುಗರು, “ಪಾಪ, ಸೈಕ್ಸ್ ಕೂಡ ಪತ್ರಿಕೆ ಓದಿ ಕೆಟ್ಟ” ಎಂದರಂತೆ. ಆ ಡಿಸೆಂಬರಿನಲ್ಲಿ ಸೈಕ್ಸ್ 23 ವರ್ಷದ ಕಾರ್ಯಕ್ರಮವನ್ನು ಮುಗಿಸಿ ಎದ್ದರು. ಮುಂದೆ ಅವರು ಮಾತಿಗೆ ಕುಳಿತದ್ದು, ಆ ಮುದುಕರು ಎಂದೂ ಹಾಕದ ಎಂಎಸ್‌ಎನ್‌ಬಿಸಿ ವಾಹಿನಿಯಲ್ಲಿ.